ಕೆಂಪು ಗೆರೆ ದಾಟಿದ ಮೂವರು

ಆ ಗುರುವಾರ ಮಧ್ಯಾಹ್ನ ಜೇಬಾ ಅಲ್ಲಾಹನಲ್ಲಿ ಬೇಡಿಕೊಂಡದ್ದು ಒಂದೇ: ಈ ಯಂತ್ರ ಕೆಟ್ಟಿರಲಿ.

ಹದಿನಾರು ವರ್ಷಗಳಿಂದ ಅದು ಕೆಡದ ಹಾಗೆ ಕಾಪಾಡಿಕೊಂಡು ಬಂದವಳು ಅವಳೇ. ಬೀದರಿನ ಒಂದು ವೈದ್ಯಕೀಯ ಸಂಸ್ಥೆಯ ಔಷಧ ವಿಭಾಗದಲ್ಲಿ ಅವಳು ಲ್ಯಾಬ್ ಸಹಾಯಕಿ. ಗುತ್ತಿಗೆ ಕೆಲಸ. ವರ್ಷಕ್ಕೊಮ್ಮೆ ಮಾರ್ಚಿನಲ್ಲಿ ಹೊಸ ಕಾಗದಕ್ಕೆ ಸಹಿ ಹಾಕಬೇಕು, ಆ ಒಂದು ವಾರ ಅವಳಿಗೆ ಊಟ ಸೇರುವುದಿಲ್ಲ. ವಯಸ್ಸು ನಲವತ್ಮೂರು. ಗಂಡ ಅರ್ಬಾಜ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹದಿನೈದು ದಿನ ಮನೆಯಲ್ಲಿರುವುದಿಲ್ಲ.

ಅವಳ ತವರು ಭಾಲ್ಕಿ. ಅಲ್ಲಿನ ಸ್ಟೇಷನ್ ರಸ್ತೆಯಲ್ಲಿ ಅಪ್ಪ ಮಕ್ಬೂಲನ ರೇಡಿಯೋ ರಿಪೇರಿ ಅಂಗಡಿ ಇತ್ತು. ಅಪ್ಪನ ಕಣ್ಣು ಮಂಜಾಗುತ್ತ ಬಂದಾಗ ಸಣ್ಣ ಭಾಗಗಳ ಸೋಲ್ಡರಿಂಗ್ ಕೆಲಸವೆಲ್ಲ ಮಗಳ ಕೈಗೆ ಬಂತು. ಹುಡುಗಿ ಅಂಗಡಿಯಲ್ಲಿ ಕೂತು ರೇಡಿಯೋ ಬಿಚ್ಚುವುದನ್ನು ನೋಡಲೆಂದೇ ಕೆಲವರು ನಿಲ್ಲುತ್ತಿದ್ದರು. ಅವಳು ತಲೆ ಎತ್ತದೆ ಕೆಲಸ ಮುಗಿಸುತ್ತಿದ್ದಳು. ಮುಂದೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ಬೀದರಿಗೆ ಬಂದಳು. ವಿಭಾಗದ ಮೂಲೆಯಲ್ಲಿ ದೂಳು ತಿನ್ನುತ್ತ ನಿಂತಿದ್ದ ಯಂತ್ರವನ್ನು ಮೊದಲ ದಿನವೇ ಕಂಡಳು. ಗುಜರಿಗೆ ಹಾಕಬೇಕೆಂದು ಪಟ್ಟಿಯಲ್ಲಿ ಬರೆದಿದ್ದರು. ಆರು ತಿಂಗಳಲ್ಲಿ ಅದನ್ನು ಮತ್ತೆ ನಡೆಯುವಂತೆ ಮಾಡಿದಳು.

ಅದು ಅನಲಾಗ್ ಕಂಪ್ಯೂಟರು. ಪರದೆ, ಕೀಲಿಮಣೆ ಏನೂ ಇಲ್ಲ. ಆಳೆತ್ತರದ ಕಬ್ಬಿಣದ ಕಪಾಟು, ಮುಂಭಾಗದಲ್ಲಿ ಇನ್ನೂರಕ್ಕೂ ಹೆಚ್ಚು ತೂತು, ಅವುಗಳಿಗೆ ಸಿಕ್ಕಿಸುವ ಬಣ್ಣಬಣ್ಣದ ವೈರು, ಸಾಲಾಗಿ ತಿರುಗಿಸುವ ಗುಂಡಿಗಳು, ಪಕ್ಕದಲ್ಲಿ ಕಾಗದದ ಮೇಲೆ ತಾನೇ ಗೆರೆ ಎಳೆಯುವ ಪೆನ್ನು. ಅಗ್ಗದ ಡಿಜಿಟಲ್ ಕಂಪ್ಯೂಟರು ಬರುವ ಮುಂಚೆ ಹೃದಯ, ಶ್ವಾಸಕೋಶ, ರಕ್ತದ ಓಟ ಇವನ್ನೆಲ್ಲ ಅಭ್ಯಾಸ ಮಾಡುವವರು ದೇಶವಿದೇಶಗಳಲ್ಲಿ ಇಂಥ ಯಂತ್ರಗಳ ಮುಂದೆಯೇ ಕೂರುತ್ತಿದ್ದರು. ಇದು ಅಂಕಿಗಳನ್ನು ಒಂದೊಂದಾಗಿ ಕೂಡಿ ಕಳೆಯುವುದಿಲ್ಲ. ದೇಹದಲ್ಲಿ ಆಗುವುದನ್ನೇ ವಿದ್ಯುತ್ತಿನಲ್ಲಿ ಆಗಿಸಿ ತೋರಿಸುತ್ತದೆ. ಒಂದು ಕಡೆಯ ವೋಲ್ಟೇಜು ರಕ್ತದಲ್ಲಿರುವ ಔಷಧ, ಇನ್ನೊಂದು ಕಡೆಯದು ಮಾಂಸದಲ್ಲಿ ಸೇರಿಕೊಂಡ ಔಷಧ. ಒಂದು ಗುಂಡಿ ತಿರುಗಿಸಿದರೆ ಮೂತ್ರಪಿಂಡ ಔಷಧವನ್ನು ಎಷ್ಟು ಬೇಗ ಹೊರಗೆ ಹಾಕುತ್ತದೆ ಎಂಬುದು ಬದಲಾಗುತ್ತದೆ. ಮೂವತ್ತು ದಿನ ದೇಹದಲ್ಲಿ ನಡೆಯುವುದು ಇಲ್ಲಿ ಮೂವತ್ತು ಸೆಕೆಂಡಿನಲ್ಲಿ ನಡೆದುಹೋಗುತ್ತದೆ.

ವಿಭಾಗದ ಡಾಕ್ಟರ್ ಸತೀಶಕುಮಾರ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಮಾತ್ರ ಅದನ್ನು ಬಳಸುತ್ತಿದ್ದರು. ಸಂಶೋಧನೆಗೆ ಅವರ ಬಳಿ ಹೊಸ ಪ್ರೋಗ್ರಾಂ ಇತ್ತು. ಆ ವರ್ಷ ಅವರು ಕೈಗೆತ್ತಿಕೊಂಡಿದ್ದ ಅಧ್ಯಯನ ಡಿಜಾಕ್ಸಿನ್ ಎಂಬ ಹೃದಯದ ಗುಳಿಗೆಯದು. ಎದೆಬಡಿತ ತಪ್ಪುವ ವಯಸ್ಸಾದವರಿಗೆ ಕೊಡುವ ಗುಳಿಗೆ. ಸರಿಯಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಬಹಳ ಅಂತರವಿಲ್ಲ. ಮೂತ್ರಪಿಂಡ ದುರ್ಬಲವಾದವರಲ್ಲಿ ಅದು ಹೊರಗೆ ಹೋಗದೆ ಉಳಿಯುತ್ತದೆ, ದಿನದಿನಕ್ಕೆ ಏರುತ್ತದೆ. ಯಾರಿಗೆ ಎಷ್ಟು ಕೊಡಬೇಕೆಂದು ಪ್ರೋಗ್ರಾಂ ಹೇಳುತ್ತಿತ್ತು. ಹದಿನಾಲ್ಕು ರೋಗಿಗಳು ಸೇರಿದ್ದರು. ಎಲ್ಲರ ಇಸಿಜಿ ತೆಗೆದವಳು ಜೇಬಾ.

ಅವರಲ್ಲಿ ಅವಳಿಗೆ ಚೆನ್ನಾಗಿ ನೆನಪಿದ್ದವನು ಹಾವಗೆಪ್ಪ. ಔರಾದ ತಾಲ್ಲೂಕಿನ ಚಿಂತಾಕಿಯವನು. ಮೂವತ್ತು ವರ್ಷ ಊರಿಗೆ ನೀರು ಬಿಡುವ ಕೆಲಸ ಮಾಡಿದವನು. ಸರದಿಗಾಗಿ ಕಾಯುತ್ತ ಕೂತಾಗ ಯಂತ್ರದ ಮೇಲೆಯೇ ಕಣ್ಣು ನೆಟ್ಟಿದ್ದ.

"ಇದೇನ್ ಮಾಡ್ತದ ಬಾಯಿ?" ಎಂದು ಕೇಳಿದ. ಬಾಯಿ ಎಂದರೆ ಆ ಕಡೆ ಅಕ್ಕಾವರೇ ಎಂದಂತೆ.

ಜೇಬಾ ಅವನ ಕೆಲಸದ ಮಾತಿನಲ್ಲೇ ಹೇಳಿದಳು. "ಎರಡು ನೀರಿನ ಟಾಕಿ ಅವ ಅಂತ ತಿಳ್ಕೊರಿ ಕಾಕಾ. ಒಂದರಾಗ ರಕ್ತ, ಇನ್ನೊಂದರಾಗ ಮೈ. ದಿನಾ ಮುಂಜಾನಿ ಮ್ಯಾಲಿಂದ ಒಂದು ಗುಳಿಗಿ ಬೀಳ್ತದ. ಕೆಳಗ ಒಂದು ವಾಲ್ ಅದ, ಅಲ್ಲಿಂದ ಹೊರಗ ಹೋಗ್ತದ."

"ಕೆಳಗಿನ ವಾಲ್ ಸಡ್ಲ ಆಗ್ಲಿಲ್ಲಂದ್ರ?"

"ತುಂಬ್ತದ್ರಿ."

"ತುಂಬಿ ಹೊರಗ ಚೆಲ್ತದ," ಎಂದು ಹಾವಗೆಪ್ಪ ನಕ್ಕ. "ಟಾಕಿ ಆದ್ರ ಓಡಿ ಹೋಗಿ ಮೋಟಾರ್ ಬಂದ್ ಮಾಡ್ತಿದ್ದೆ ನಾ."

ಗುಳಿಗೆ ಶುರುವಾಗಿ ಮೂರು ವಾರವಾಗಿತ್ತು. ವಿದ್ಯಾರ್ಥಿಗಳಿಗೆ ನಿಜವಾದ ರೋಗಿಗಳ ಅಂಕಿ ಹಾಕಿ ತೋರಿಸೋಣ, ಹದಿನಾಲ್ಕೂ ಗೆರೆ ತೆಗೆದಿಡಿ ಎಂದು ಡಾಕ್ಟರ್ ಹೇಳಿದ್ದರು. ಹಿಂದಿನ ಶುಕ್ರವಾರವೇ ಮಾಡಬೇಕಾದ ಕೆಲಸ. ಜೇಬಾ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ರಜೆ ಹಾಕಿ ಭಾಲ್ಕಿಗೆ ಹೋಗಿದ್ದಳು. ಬಂದ ಮೇಲೆ ಬೇರೆ ಕೆಲಸ ಬಿತ್ತು. ಹಾಗಾಗಿ ಗುರುವಾರಕ್ಕೆ ಬಂತು.

ಅವಳು ಕಾಗದದ ಮೇಲೆ ಕೆಂಪು ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆದಳು. ರಕ್ತದಲ್ಲಿ ಔಷಧ ಆ ಗೆರೆ ದಾಟಬಾರದು. ಒಬ್ಬೊಬ್ಬರ ಫೈಲು ತೆರೆದು, ತೂಕ, ಗುಳಿಗೆಯ ಪ್ರಮಾಣ, ಮೂತ್ರಪಿಂಡದ ವರದಿ ನೋಡಿ ಗುಂಡಿಗಳನ್ನು ತಿರುಗಿಸಿ ಯಂತ್ರ ನಡೆಸಿದಳು. ಪೆನ್ನು ಏರಿ, ಕೆಂಪು ಗೆರೆಯ ಕೆಳಗೇ ಮಟ್ಟವಾಗಿ ಓಡಿತು. ಎರಡನೆಯವರದೂ ಹಾಗೆಯೇ. ಐದನೆಯ ಫೈಲು ಬೀದರಿನ ಶರಫೋದ್ದೀನನದು. ಪೆನ್ನು ಏರಿತು. ಮಟ್ಟವಾಗಲಿಲ್ಲ. ಹತ್ತನೆಯ ಸೆಕೆಂಡಿಗೆ ಕೆಂಪು ಗೆರೆ ದಾಟಿ ಮೇಲೆ ಹೋಗುತ್ತಲೇ ಇತ್ತು.

ವೈರು ತಪ್ಪಿರಬೇಕೆಂದು ಎಲ್ಲ ಬಿಚ್ಚಿ ಮತ್ತೆ ಸಿಕ್ಕಿಸಿದಳು. ಮತ್ತೆ ಅದೇ. ಮುಂದಿನವರದು ಸರಿ ಬಂತು. ಒಂಬತ್ತನೆಯದು ಸಾಯಗಾಂವದ ಗುಂಡಮ್ಮನದು, ದಾಟಿತು. ಹನ್ನೆರಡನೆಯದು ಹಾವಗೆಪ್ಪನದು, ದಾಟಿತು. ಹಾವಗೆಪ್ಪನ ಗೆರೆ ಎಲ್ಲಕ್ಕಿಂತ ಕಡಿದಾಗಿ ಏರಿತ್ತು.

ಮೀಟರು ತಂದು ವಿದ್ಯುತ್ತನ್ನು ಅಳೆದಳು, ಸರಿಯಿತ್ತು. ಒಳಗೆ ಏನೂ ಹಾಕದೆ ಐದು ನಿಮಿಷ ನಡೆಸಿದಳು. ಒಳಗಿನ ಭಾಗ ಕೆಟ್ಟು ತಾನಾಗಿ ಏರುತ್ತಿದ್ದರೆ ಪೆನ್ನು ಆಗಲೂ ಏರಬೇಕು. ಅದು ಸೊನ್ನೆಯ ಮೇಲೆ ಕಲ್ಲಿನಂತೆ ಕೂತಿತ್ತು. ಒಂದು ಭಾಗ ತೆಗೆದು ಬೇರೆಯದನ್ನು ಹಾಕಿ ನೋಡಿದಳು. ಗೆರೆಯ ಮೇಲೆ ಗೆರೆ ಕೂತಿತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೆಟ್ಟದ್ದು ಎಲ್ಲಿಯಾದರೂ ಸಿಗಲಿ ಎಂದು ಹುಡುಕಿದ್ದು ಅವಳ ಜೀವನದಲ್ಲಿ ಅದೇ ಮೊದಲು. ಸಿಗಲಿಲ್ಲ.

ಡಾಕ್ಟರ್ ಸತೀಶಕುಮಾರ ದೆಹಲಿಯ ಸಭೆಗೆ ಹೊರಟು ಬ್ಯಾಗು ಹಿಡಿದು ನಿಂತಿದ್ದರು. ಜೇಬಾ ಮೂರು ಕಾಗದ ಹಿಡಿದು ಹೋದಳು.

"ಸರ್, ಮೂರು ಮಂದೀದು ಮ್ಯಾಲ ಹೋಗ್ಲಾಕತ್ತದ್ರಿ."

ಅವರು ಕಾಗದ ನೋಡಿ ನಕ್ಕರು. ಕೆಟ್ಟ ನಗೆಯಲ್ಲ. "ಜೇಬಾ, ಆ ಡಬ್ಬಿಗಿ ನಿಮಗಿಂತ ಹೆಚ್ಚು ವಯಸ್ಸಾಗ್ಯಾದ. ಯಾವುದೋ ಕೆಪಾಸಿಟರ್ ಸೋರ್ತಿರಬೇಕು."

"ಅದರಾಗಿನ ಕರೆಂಟ್ ಸೋರಿದ್ರ ಗೆರಿ ಕೆಳಗ ಬರ್ಬೇಕಲ್ರಿ ಸರ್. ಮ್ಯಾಲ ಹ್ಯಾಂಗ ಹೋಗ್ತದ?"

ಅವರು ಕಾಗದವನ್ನು ಮತ್ತೊಮ್ಮೆ ನೋಡಿದರು. ಹೊರಗೆ ಕಾರು ಹಾರ್ನ್ ಮಾಡಿತು. "ಪ್ರೋಗ್ರಾಂ ನಾ ನೋಡೀನಿ, ಸರಿ ಅದ. ಸೋಮವಾರ ಬಂದು ಇದನ್ನೂ ನೋಡ್ತೇನಿ. ಮತ್ತ, ರೋಗಿಗಳಿಗಿ ಯಾರೂ ಏನೂ ಹೇಳಬ್ಯಾಡ್ರಿ. ಸುಮ್ನ ಅಂಜ್ತಾರ. ಗುಳಿಗಿ ಬಿಟ್ಟುಗಿಟ್ಟಾರು, ಬಿಟ್ರ ಇನ್ನೂ ತ್ರಾಸ."

ಆ ಕೊನೆಯ ಮಾತು ಅವಳನ್ನು ಕಟ್ಟಿಹಾಕಿತು. ತಾನು ತಪ್ಪಾಗಿದ್ದು, ಅವರು ಗುಳಿಗೆ ಬಿಟ್ಟು, ಏನಾದರೂ ಆದರೆ? ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡಳು. ಡಾಕ್ಟರಿಗೆ ಗೊತ್ತಿರದೆ ನನಗೆ ಗೊತ್ತಿರುತ್ತದೆಯೇ? ನಾನು ಯಾರು?

ಶುಕ್ರವಾರ ಬೆಳಗ್ಗೆ ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ಮಗಳ ಮಾತು ದಖನಿ ಉರ್ದುವಿನಲ್ಲೇ. ಮಕ್ಬೂಲನಿಗೆ ಔಷಧದ ವಿಷಯ ಏನೂ ತಿಳಿಯದು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ: ರೇಡಿಯೋ ಕೆಟ್ಟಿದ್ದರೆ ಎಲ್ಲ ಸ್ಟೇಷನ್ನೂ ಗರಗರ ಅನ್ನಬೇಕಲ್ಲವೇ ಮಗಳೇ? ಹನ್ನೊಂದು ಸ್ಟೇಷನ್ ಸ್ವಚ್ಛ ಕೇಳಿ ಮೂರೇ ಮೂರು ಕೆಟ್ಟಿದ್ದರೆ ತಪ್ಪು ರೇಡಿಯೋದಲ್ಲಿ ಇರುತ್ತದೆಯೇ?

ಅವಳು ಫೋನ್ ಇಟ್ಟಳು. ಲ್ಯಾಬಿಗೆ ಓಡಿ ಹದಿನಾಲ್ಕು ಫೈಲುಗಳನ್ನೂ ಉದ್ದ ಮೇಜಿನ ಮೇಲೆ ಪಕ್ಕಪಕ್ಕ ತೆರೆದಿಟ್ಟಳು. ಹನ್ನೊಂದು ಫೈಲುಗಳಲ್ಲಿ ಮೂತ್ರಪಿಂಡದ ವರದಿಯ ಮೂಲೆಯಲ್ಲಿ ಹಸಿರು ಶಾಯಿಯ ಗುರುತು ಇತ್ತು. ವರದಿಯನ್ನು ಪ್ರೋಗ್ರಾಂಗೆ ಸೇರಿಸಿದ ಮೇಲೆ ಹಾಕುವ ಗುರುತು ಅದು. ಮೂರರಲ್ಲಿ ಇರಲಿಲ್ಲ. ಆ ಮೂರು ವರದಿಗಳು ಎಂಟು ದಿನ ತಡವಾಗಿ ಬಂದಿದ್ದವು. ಯಾರೋ ಫೈಲಿಗೆ ಚುಚ್ಚಿಟ್ಟು ಮರೆತಿದ್ದರು. ಪ್ರೋಗ್ರಾಂನಲ್ಲಿ ಆ ಜಾಗ ಖಾಲಿ. ಖಾಲಿ ಬಿಟ್ಟರೆ ಅದು ಆರೋಗ್ಯವಂತ ಮೂತ್ರಪಿಂಡವೆಂದು ತಿಳಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಜೇಬಾ ಗುಂಡಿ ತಿರುಗಿಸಿದ್ದು ಮಾತ್ರ ಫೈಲಿನಲ್ಲಿದ್ದ ಕಾಗದ ನೋಡಿ. ಮೂವರದೂ ದುರ್ಬಲ ಮೂತ್ರಪಿಂಡ. ಮೂವರೂ ಇಪ್ಪತ್ತೊಂದು ದಿನದಿಂದ ಗಟ್ಟಿಮುಟ್ಟಾದವರ ಗುಳಿಗೆ ನುಂಗುತ್ತಿದ್ದರು.

ಅವಳು ಫೋನ್ ಕೈಗೆ ತೆಗೆದುಕೊಂಡಳು.

ಡಾಕ್ಟರ ಫೋನು ಸ್ವಿಚ್ ಆಫ್. ವರದಿಗಳ ಫೋಟೋ ತೆಗೆದು ಕಳಿಸಿದಳು, ತಲುಪಲಿಲ್ಲ. ಕೆಳಗಿನ ವಾರ್ಡಿನ ಡಾಕ್ಟರ ಬಳಿ ಹೋದಳು. ಅವರು, "ಅದು ಸತೀಶಕುಮಾರ ಸರ್ ಅವರ ಸ್ಟಡಿ. ನಾ ಹ್ಯಾಂಗ ಕೈ ಹಾಕ್ಲಿ? ಅವರಿಗೇ ಕೇಳ್ರಿ," ಎಂದು ಮುಂದಿನ ರೋಗಿಯ ಕಡೆ ತಿರುಗಿದರು.

ರೋಗಿಗಳ ಜೊತೆ ಗುಳಿಗೆಯ ಮಾತು ಆಡುವ ಅಧಿಕಾರ ಅವಳಿಗಿರಲಿಲ್ಲ. ಆದರೂ ಇಸಿಜಿ ತಾರೀಕು ತಿಳಿಸುವ ನೆಪ ಮಾಡಿಕೊಂಡು ಮೊದಲು ಶರಫೋದ್ದೀನನ ನಂಬರಿಗೆ ಹಚ್ಚಿದಳು. ಮಗಳು ಇರಮ ಎತ್ತಿದಳು.

"ಅಬ್ಬಾ ನೈ ರಹೇ, ಆಪಾ," ಎಂದಳು, ಅಪ್ಪ ತೀರಿಕೊಂಡರು ಅಕ್ಕಾ ಎಂದು. ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಹೃದಯ ನಿಂತಿತು ಅಂದರಂತೆ ಓಣಿಯ ಡಾಕ್ಟರು. ನಾಲ್ಕೈದು ದಿನದಿಂದ ಏನೂ ಸರಿಯಾಗಿ ತಿಂದಿರಲಿಲ್ಲ, ಹಾಲು ಕೊಟ್ಟರೆ ಯಾಕೆ ಅರಿಸಿನ ಹಾಕಿದ್ದೀ ಎಂದು ಗದರುತ್ತಿದ್ದರು, ನಾನು ಹಾಕಿರಲೇ ಇಲ್ಲ ಆಪಾ, ಎಂದು ಇರಮ ಹೇಳಿದಳು. ವಯಸ್ಸಾಯಿತು, ಅದಕ್ಕೇ ಹೀಗೆ ಏನೇನೋ ಅನ್ನುತ್ತಾರೆ ಅಂದುಕೊಂಡೆವು.

ಡಿಜಾಕ್ಸಿನ್ ಮೈಯಲ್ಲಿ ಹೆಚ್ಚಾದರೆ ಹಸಿವೆ ಹೋಗುತ್ತದೆ, ವಾಂತಿ ಬರುತ್ತದೆ, ಕಣ್ಣಿಗೆ ಎಲ್ಲ ಹಳದಿ ಕಾಣುತ್ತದೆ, ನಾಡಿ ನಿಧಾನವಾಗುತ್ತದೆ. ಹದಿನಾರು ವರ್ಷದಲ್ಲಿ ಎಷ್ಟು ಸಲ ಡಾಕ್ಟರು ಅದೇ ಕೋಣೆಯಲ್ಲಿ ಅದೇ ಪಾಠ ಹೇಳಿದ್ದನ್ನು ಜೇಬಾ ಕೇಳಿದ್ದಳೋ.

ಸಾಯಗಾಂವದ ಗುಂಡಮ್ಮನ ನಂಬರಿಗೆ ಸೊಸೆ ದಾನಮ್ಮ ಸಿಕ್ಕಳು.

"ಅತ್ತಿ ಹ್ಯಾಂಗ ಅದಾರ್ರಿ?"

"ಏನ್ ಹೇಳ್ಲಿ ಮೇಡಂ. ಮೂರ್ ದಿನ ಆಯ್ತು, ಗಂಜಿ ಕುಡುದ್ರೂ ಕಾರ್ಕೋತಾರ. ಪಿತ್ತ ಆಗ್ಯಾದ ಅಂತ ಜೀರಗಿ ನೀರು ಕೊಡ್ಲಾಕತ್ತೀನಿ."

"ಇವತ್ತಿನ ಗುಳಿಗಿ ತಗೊಂಡಾರೇನು?"

"ಇಲ್ರಿ, ಈಗ ಕೊಡ್ಬೇಕಂತ ಕೈಯಾಗ ಹಿಡ್ಕೊಂಡೀನಿ."

ಜೇಬಾ ಕಣ್ಣು ಮುಚ್ಚಿದಳು. ತಪ್ಪಾಗಿದ್ದರೆ ಈ ಮುದುಕಿಯ ಜೀವ ತನ್ನ ತಲೆಯ ಮೇಲೆ. "ಕೊಡಬ್ಯಾಡ್ರಿ. ಈ ಕ್ಷಣಕ್ಕ ಗಾಡಿ ಮಾಡ್ಕೊಂಡು ಭಾಲ್ಕಿ ದವಾಖಾನಿಗಿ ಹೋಗ್ರಿ. ಗುಳಿಗಿ ಪಾಕೀಟು ತೋರಿಸ್ರಿ. ಕಿಡ್ನಿ ಬರಾಬರಿ ಇಲ್ಲ, ಈ ಗುಳಿಗಿ ಹೆಚ್ಚಾಗ್ಯಾದ ಅಂತ ಡಾಕ್ಟರಿಗಿ ಹೇಳ್ರಿ. ನಾಡಿ ನೋಡ್ರಿ ಅನ್ರಿ. ನನ್ ಹೆಸರು ಹೇಳ್ರಿ. ಜೇಬಾ ಅಂತ."

ಹಾವಗೆಪ್ಪನ ಫೋನು ಹತ್ತಲಿಲ್ಲ. ಇಪ್ಪತ್ತು ಸಲ ಪ್ರಯತ್ನಿಸಿದಳು. ಚಿಂತಾಕಿಯಲ್ಲಿ ಅವಳಿಗೆ ಬೇರೆ ಯಾರ ನಂಬರೂ ಗೊತ್ತಿರಲಿಲ್ಲ. ಕೈಚೀಲದಷ್ಟಿದ್ದ ಸಣ್ಣ ಇಸಿಜಿ ಪೆಟ್ಟಿಗೆಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು, ಯಾರಿಗೂ ಹೇಳದೆ ಬಸ್ ನಿಲ್ದಾಣಕ್ಕೆ ನಡೆದಳು. ವಿಭಾಗದ ಸಾಮಾನು ಹೊರಗೆ ಒಯ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಗೇಟಿನ ಕಾವಲುಗಾರ ನಮಸ್ಕಾರ ಮಾಡಿದಾಗ ಪೆಟ್ಟಿಗೆಯನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡಳು.

ಔರಾದ ಬಸ್ಸು ನಿಧಾನವಾಗಿತ್ತು. ಮಳೆ ಬಿಟ್ಟುಬಿಟ್ಟು ಬೀಳುತ್ತಿತ್ತು. ಅಕ್ಕಪಕ್ಕದ ಹೊಲಗಳಲ್ಲಿ ಸೋಯಾ ಮೊಣಕಾಲುದ್ದ ಬಂದಿತ್ತು. ಜನ ಹತ್ತಿದರು, ಇಳಿದರು, ಕಂಡಕ್ಟರ್ ಯಾರೊಡನೆಯೋ ಜಗಳವಾಡಿದ. ಜೇಬಾ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಕಣ್ಣ ಮುಂದೆ ಆ ಪೆನ್ನು ಏರುತ್ತಲೇ ಇತ್ತು. ಯಂತ್ರದಲ್ಲಿ ಒಂದು ಸೆಕೆಂಡೆಂದರೆ ಒಂದು ದಿನ. ಬಸ್ಸಿನಲ್ಲಿ ಒಂದು ನಿಮಿಷವೇ ಒಂದು ದಿನದಷ್ಟಾಗಿತ್ತು. ಶರಫೋದ್ದೀನನ ಗೆರೆ ಎಲ್ಲಿಯವರೆಗೆ ಹೋದಾಗ ಮಂಗಳವಾರ ಬಂತು ಎಂದು ಮನಸ್ಸು ತಾನಾಗಿ ಹುಡುಕಿತು. ಹಾವಗೆಪ್ಪನ ಗೆರೆ ಆ ಎತ್ತರವನ್ನು ಎರಡು ದಿನದ ಹಿಂದೆಯೇ ದಾಟಿತ್ತು.

ಔರಾದದಲ್ಲಿ ಇಳಿದು ಚಿಂತಾಕಿಗೆ ಹೋಗುವ ಟಂಟಂ ಆಟೊ ಹತ್ತಿದಳು. ಊರು ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಹಾವಗೆಪ್ಪನ ಮನೆ ಕೇಳಿದರೆ ಒಬ್ಬ ಹೆಣ್ಣುಮಗಳು ನೀರಿನ ಟಾಕಿಯ ಕಡೆ ಕೈ ತೋರಿಸಿದಳು. ಅವನು ಟಾಕಿಯ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮೂರು ವಾರದಲ್ಲಿ ಅರ್ಧವಾಗಿದ್ದ. ಜೇಬಾಳನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಬಾಯಿ? ನೀವ್ಯಾಕ ಬಂದ್ರಿ ಇಷ್ಟ್ ದೂರ?"

"ಫೋನ್ ಯಾಕ ಹತ್ತಲ್ರಿ ಕಾಕಾ?"

"ನೀರಾಗ ಬಿದ್ದು ಸತ್ತದ." ಅವನು ಕಣ್ಣು ಕಿರಿದು ಮಾಡಿ ಆಕಾಶ ನೋಡಿದ. "ಬಿಸಲು ಏನ್ ಹಳದಿ ಬಿದ್ದಾದ ನೋಡ್ರಿ ಇವತ್ತ. ನಾಕ್ ದಿನ ಆಯ್ತು ಹಿಂಗೇ."

ಬಿಸಿಲು ಇರಲಿಲ್ಲ. ಮೋಡ ಕವಿದು ಕಪ್ಪಾಗಿತ್ತು.

ಜೇಬಾ ಅವನ ಮಣಿಕಟ್ಟು ಹಿಡಿದಳು. ಒಂದು ಬಡಿತ. ಕಾಯ್ದಳು. ಇನ್ನೊಂದು. ನಡುವೆ ಅಷ್ಟೊಂದು ಖಾಲಿ ಇರುವುದನ್ನು ಅವಳ ಬೆರಳು ಯಾವತ್ತೂ ಕಂಡಿರಲಿಲ್ಲ. ಕಟ್ಟೆಯ ಮೇಲೇ ಮಲಗಿಸಿ ಇಸಿಜಿ ಹಚ್ಚಿದಳು. ನಿಮಿಷಕ್ಕೆ ಮೂವತ್ತಾರು.

"ಇವತ್ತಿನ ಗುಳಿಗಿ?"

"ಮುಂಜಾನಿನೇ ನುಂಗೀನಿ. ಒಂದ್ ದಿನಾನೂ ತಪ್ಸಿಲ್ಲ." ಹೆಮ್ಮೆಯಿಂದ ಹೇಳಿದ.

ಆಂಬುಲೆನ್ಸಿಗೆ ಫೋನ್ ಮಾಡಿದಳು. ಔರಾದದಿಂದ ಬರಬೇಕು, ಅರ್ಧ ತಾಸು ಎಂದರು. ಹಾವಗೆಪ್ಪ ಏಳಲು ಒಪ್ಪಲಿಲ್ಲ. "ದವಾಖಾನಿಗಿ ಯಾಕ? ಡಾಕ್ಟರ್ ಸಾಹೇಬ್ರು ಹದಿನೈದಕ್ಕ ಬಾ ಅಂದಾರ. ಅವ್ರಿಗಿ ಗೊತ್ತದೇನು ನೀವು ಬಂದಿದ್ದು?"

ಅವಳು ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ರಿ. ನಾನೇ ಬಂದೀನಿ. ನಿಮಗ ಗುಳಿಗಿ ಹೆಚ್ಚಾಗ್ಯಾದ ಕಾಕಾ. ಮೈಯಾಗ ತುಂಬ್ಯಾದ. ಕೆಳಗಿನ ವಾಲ್ ಸಡ್ಲ ಇಲ್ಲ."

ಹಾವಗೆಪ್ಪ ಅವಳ ಮುಖ ನೋಡಿದ. ಅವನ ಕಣ್ಣಲ್ಲಿ ಮೊದಲ ಸಲ ಅಂಜಿಕೆ ಕಂಡಿತು. "ನಾ ದಿನಾ ನುಂಗ್ದೆನಲ್ಲ ತಾಯಿ," ಎಂದು ಏಳಲು ಅವಳ ಕೈ ಹಿಡಿದ.

ಆಂಬುಲೆನ್ಸು ಮೊದಲು ಔರಾದಕ್ಕೆ ಹೋಯಿತು. ಅಲ್ಲಿನ ದವಾಖಾನೆಯಲ್ಲಿ ಒಬ್ಬ ಕಿರಿಯ ಡಾಕ್ಟರು ಇಸಿಜಿ ಕಾಗದ ನೋಡಿ, ಗುಳಿಗೆಯ ಪಾಕೀಟು ನೋಡಿ, ಹೆಚ್ಚು ಪ್ರಶ್ನೆ ಕೇಳದೆ ನಾಡಿ ಏರಿಸುವ ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಚ್ಚಿ ಅವನನ್ನು ಬೀದರಿಗೆ ಕಳಿಸಿದರು. ಸಂತಪುರ ದಾಟುವಷ್ಟರಲ್ಲಿ ಅವನ ಕಣ್ಣು ಮೇಲಕ್ಕೆ ಹೋಯಿತು. ದಾರಿಯಲ್ಲಿ ಎರಡು ಸಲ ನಾಡಿ ನಿಂತಂತಾಯಿತು. ನರ್ಸು ಅವನ ಎದೆ ಒತ್ತುತ್ತಿದ್ದಳು. ಜೇಬಾ ಅವನ ಪಾದ ಹಿಡಿದು ಕೂತು, ಇದ್ದಬದ್ದ ದುವಾ ಎಲ್ಲ ಓದಿದಳು. ಒಂದು ಮುಗಿದರೆ ಇನ್ನೊಂದರ ಮೊದಲ ಪದ ನೆನಪಿಗೆ ಬರುತ್ತಿರಲಿಲ್ಲ.

ಹಾವಗೆಪ್ಪ ಉಳಿದ. ನಾಲ್ಕು ದಿನ ತೀವ್ರ ನಿಗಾದಲ್ಲಿದ್ದು, ಐದನೆಯ ದಿನ ಎದುರಿನ ಗೋಡೆ ಬಿಳಿಯಿದೆ ಎಂದ. ಗುಂಡಮ್ಮನೂ ಉಳಿದಳು. ಭಾಲ್ಕಿಯಲ್ಲಿ ಅವಳ ನಾಡಿ ನಲವತ್ತನಾಲ್ಕು ಇತ್ತಂತೆ. ಇಬ್ಬರ ರಕ್ತದ ವರದಿಯೂ ಬಂತು. ಯಂತ್ರ ಎಳೆದ ಗೆರೆಗೂ ಆ ಅಂಕಿಗೂ ಹೆಚ್ಚು ಅಂತರ ಇರಲಿಲ್ಲ.

ಜೇಬಾ ಕಳಿಸಿದ್ದ ಫೋಟೋಗಳನ್ನು ಶುಕ್ರವಾರ ರಾತ್ರಿ ನೋಡಿ ಡಾಕ್ಟರ್ ಸತೀಶಕುಮಾರ ಶನಿವಾರವೇ ವಾಪಸು ಬಂದರು. ವಾರ್ಡಿಗೆ ಹೋಗಿ ಹಾವಗೆಪ್ಪನನ್ನು ನೋಡಿ ನೇರ ಲ್ಯಾಬಿಗೆ ಬಂದು ಬಾಗಿಲು ಹಾಕಿದರು. ಮೂವರದೂ ನಡೆಸಿ ತೋರಿಸಲು ಹೇಳಿದರು. ಜೇಬಾ ನಡೆಸಿದಳು. ಶರಫೋದ್ದೀನನ ಗೆರೆ ಕೆಂಪನ್ನು ದಾಟುವಾಗ ಅವರು ಮೇಜಿನ ಅಂಚು ಹಿಡಿದದ್ದನ್ನು ಅವಳು ಕಂಡಳು.

"ಈ ಕಾಗದ ಯಾರಿಗಾದ್ರೂ ತೋರಿಸೀರೇನು?"

ಯಾಕೆ ಕೇಳುತ್ತಿದ್ದಾರೆ? "ಇನ್ನೂ ಇಲ್ರಿ ಸರ್."

ಅವರು ಕಾಗದಗಳನ್ನು ಕೈಗೆ ತೆಗೆದುಕೊಂಡರು. ಹರಿದು ಹಾಕುತ್ತಾರೆ ಎಂದು ಅವಳಿಗೆ ಅನ್ನಿಸಿತು. ಒಂದು ನಿಮಿಷ ಅವರೂ ಅದನ್ನೇ ಯೋಚಿಸುತ್ತಿದ್ದರೋ ಏನೋ, ಅವಳಿಗೆ ಇಂದಿಗೂ ತಿಳಿದಿಲ್ಲ. ಆಮೇಲೆ ಮೂರರ ಮೇಲೂ ತಾರೀಕು ಹಾಕಿ ಸಹಿ ಮಾಡಿ ವಾಪಸು ಕೊಟ್ಟರು.

"ಇವನ್ನ ನಿಮ್ಮ ಹತ್ರ ಇಟ್ಕೊರಿ. ನನ್ನ ಹತ್ರ ಬ್ಯಾಡ." ಧ್ವನಿ ಅವರದಲ್ಲದಂತಿತ್ತು. "ಗುರುವಾರ ನಿಮ್ಮ ಮಾತು ಕೇಳ್ಬೇಕಾಗಿತ್ತು ನಾ."

ಅದೇ ದಿನ ಅಧ್ಯಯನ ನಿಲ್ಲಿಸಿ, ಅದಕ್ಕೆ ಅನುಮತಿ ಕೊಟ್ಟಿದ್ದ ಸಮಿತಿಗೆ ತಾವೇ ಪತ್ರ ಬರೆದರು. ಇಬ್ಬರೂ ಕೂಡಿ ಶರಫೋದ್ದೀನನ ಮನೆಗೆ ಹೋದರು. ಹಳೆ ಊರಿನ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ. ಡಾಕ್ಟರು ನಿಂತುಕೊಂಡೇ ಎಲ್ಲ ಹೇಳಿದರು. ವರದಿ ತಡವಾದದ್ದು, ಸೇರಿಸುವುದನ್ನು ಮರೆತದ್ದು, ಹಿಂದಿನ ಶುಕ್ರವಾರವೇ ತೆಗೆಯಬೇಕಾಗಿದ್ದ ಗೆರೆ ಗುರುವಾರಕ್ಕೆ ಹೋದದ್ದು, ತಾವು ನೋಡದೆ ನಂಬಿದ್ದು. ಗುಳಿಗೆಯಿಂದಲೇ ಹೋದರು ಎಂದು ಖಚಿತವಾಗಿ ಹೇಳಲಾಗದು, ಮಣ್ಣು ಮಾಡಿಯಾಗಿದೆ, ರಕ್ತದ ಪರೀಕ್ಷೆ ಇನ್ನು ಸಾಧ್ಯವಿಲ್ಲ, ಆದರೆ ಇರಬಹುದು, ಎಂದರು. ಇರಮ ಅಳಲಿಲ್ಲ, ಕೂಗಾಡಲಿಲ್ಲ. ಡಾಕ್ಟರ ಕಡೆ ನೋಡಲೂ ಇಲ್ಲ. ಜೇಬಾಳ ಕಡೆ ತಿರುಗಿ ದಖನಿಯಲ್ಲಿ ಕೇಳಿದಳು: ನೀವು ಫೋನ್ ಮಾಡಿದ್ದು ಶುಕ್ರವಾರ. ಆ ಕೆಲಸ ಹಿಂದಿನ ಶುಕ್ರವಾರ ಮಾಡಿದ್ದರೆ?

ಜೇಬಾ ತಂಗಿಯ ಮಗಳ ನಿಶ್ಚಿತಾರ್ಥದ ವಿಷಯ ಹೇಳಿದಳು. ಅಡಗಿಸಲಿಲ್ಲ. ಆ ದಿನ ಭಾಲ್ಕಿಯಲ್ಲಿ ಕೈಗೆ ಮೆಹಂದಿ ಹಚ್ಚಿಕೊಂಡು ಕೂತಿದ್ದೆ ಎಂದಳು. ಬಣ್ಣ ಇನ್ನೂ ಬೆರಳಿನ ಮೇಲಿತ್ತು. ಇರಮ ಆ ಬೆರಳುಗಳನ್ನು ನೋಡಿದಳು, ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮುಂದೆ ವಿಚಾರಣೆ ನಡೆಯಿತು. ಅಲ್ಲಿ ಜೇಬಾಳಿಗೆ ಮೊದಲು ಕೇಳಿದ ಪ್ರಶ್ನೆ, ರೋಗಿಗಳಿಗೆ ಫೋನ್ ಮಾಡಲು ನಿನಗೆ ಅನುಮತಿ ಕೊಟ್ಟವರು ಯಾರು ಎಂಬುದು. ಎರಡನೆಯದು, ಇಸಿಜಿ ಪೆಟ್ಟಿಗೆ ಯಾರ ಸಹಿಯ ಮೇಲೆ ಹೊರಗೆ ಹೋಯಿತು ಎಂಬುದು. ಅವಳಿಗೆ ಎಚ್ಚರಿಕೆಯ ಪತ್ರ ಬಂತು. ಡಾಕ್ಟರ್ ಸತೀಶಕುಮಾರರನ್ನು ಆಡಳಿತದ ಬೇರೆ ಕೆಲಸಕ್ಕೆ ಹಾಕಿದರು. ಔಷಧದ ಪ್ರಮಾಣ ಯಾವ ಪ್ರೋಗ್ರಾಂ ಹೇಳಿದರೂ ಎರಡನೆಯ ದಾರಿಯಿಂದ ಪರೀಕ್ಷಿಸದೆ ಕೊಡಬಾರದು ಎಂಬ ನಿಯಮ ಬಂತು. ಸದ್ಯಕ್ಕೆ ಆ ಎರಡನೆಯ ದಾರಿ ಎಂದರೆ ಮೂಲೆಯ ಯಂತ್ರ ಮತ್ತು ಜೇಬಾ. ಪ್ರತಿ ಸಲ ಗುಂಡಿ ತಿರುಗಿಸುವ ಮುಂಚೆ ಅವಳು ಹಸಿರು ಗುರುತು ಇದೆಯೇ ಎಂದು ನೋಡುತ್ತಾಳೆ. ಒಂದೊಂದು ಫೈಲನ್ನೂ ಮೂರು ಸಲ ಓದುತ್ತಾಳೆ.

ಇರಮ ದೂರು ಕೊಟ್ಟಿದ್ದಾಳೆ. ಸಂಸ್ಥೆಯ ವಿರುದ್ಧ, ಡಾಕ್ಟರ ವಿರುದ್ಧ. ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ಜೇಬಾಳದು. ಸಂಸ್ಥೆಯ ಕಚೇರಿಯಿಂದ ಒಬ್ಬರು ಬಂದು, ಮಾರ್ಚಿಗೆ ನಿನ್ನ ಗುತ್ತಿಗೆ ಮುಗಿಯುತ್ತದೆ, ಸ್ವಲ್ಪ ವಿಚಾರ ಮಾಡು, ಎಂದು ಮೆತ್ತಗೆ ಹೇಳಿಹೋದರು. ಅಂದಿನಿಂದ ಅವಳಿಗೆ ಬಾಗಿಲು ಬಡಿದ ಸಪ್ಪಳಕ್ಕೂ ಬೆಚ್ಚುವಂತಾಗಿದೆ. ಅರ್ಬಾಜ ಲಾರಿಯಿಂದ ಇಳಿದು ಬಂದಾಗ ಎಲ್ಲ ಹೇಳಿದಳು. ಅವನು, ನೀನು ಸಾಕ್ಷಿಗೆ ಹೋಗದೆ ಇದ್ದರೆ ಆ ಹುಡುಗಿಯ ಮುಂದೆ ಇನ್ನು ಹಾದುಹೋಗುವುದು ಹೇಗೆ ಎಂದು ಕೇಳಿದ.

ಮುಂದಿನ ತಿಂಗಳು ಹನ್ನೆರಡಕ್ಕೆ ಅವಳ ಹೇಳಿಕೆ. ಸಹಿ ಹಾಕಿದ ಮೂರು ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಭಾಲ್ಕಿಗೆ ಒಯ್ದು ಅಪ್ಪನ ಟ್ರಂಕಿನಲ್ಲಿ ಇಟ್ಟು ಬಂದಿದ್ದಾಳೆ. ಬೀದರಿನ ಮನೆಯಲ್ಲಿಡಲು ಅವಳಿಗೆ ಧೈರ್ಯವಿಲ್ಲ. ಆದರೂ ಹೋಗುತ್ತಾಳೆ. ರಜೆಯ ಅರ್ಜಿ ಬರೆದು ಕೊಟ್ಟಾಗಿದೆ. ಕಾರಣದ ಸಾಲಿನಲ್ಲಿ ಮನೆಕೆಲಸ ಎಂದು ಬರೆಯದೆ, ಸಾಕ್ಷಿ ಹೇಳಲು ಎಂದು ನಿಚ್ಚಳವಾಗಿ ಬರೆದಿದ್ದಾಳೆ.